ಶುಶ್ರೂಷಾ ಮಾಹಿತಿಶಾಸ್ತ್ರದ ಉಗಮ

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವು 1988ರಲ್ಲಿ ಶುಶ್ರೂಷಾ ಮಾಹಿತಿಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವನ್ನು ಆರಂಭಿಸಿತು. ಇದನ್ನು ಕೇವಲ ಗಣಕಯಂತ್ರದ ಕೊಡುಗೆಯೆಂದು ಭಾವಿಸುವುದುಂಟು. ಆದರೆ ಇದರ ಮೂಲವು ಮತ್ತಷ್ಟು ಹಿಂದಿನದು.

ಆಸ್ಪತ್ರೆಗಳ ದಾಖಲೆಗಳು ಪರಸ್ಪರ ತುಲನೆಗೆ ಯೋಗ್ಯವಾಗಿಲ್ಲವೆಂದು ಫ್ಲಾರೆನ್ಸ್ ನೈಟಿಂಗೇಲರು 1863ರಲ್ಲಿಯೇ ಆಕ್ಷೇಪಿಸಿದ್ದರು. 1893ರಲ್ಲಿ ಮರಣಕಾರಣಗಳಿಗೆ ಅಂತರರಾಷ್ಟ್ರೀಯ ವರ್ಗೀಕರಣವೊಂದು ಅಂಗೀಕೃತವಾಯಿತು. ದಾದಿಯ ಆರೈಕೆಗಾದರೋ ಅಂತಹ ಸಮಾನ ಪರಿಭಾಷೆಯು ಬಹುಕಾಲ ಒದಗಲಿಲ್ಲ. ರೋಗಿಯ ನೋವು, ನಿದ್ರೆ, ಹಾಸಿಗೆಹುಣ್ಣುಗಳನ್ನು ಕುರಿತು ಆಕೆ ಬರೆದಿಟ್ಟುದು ಅಂಕಿಅಂಶಗಳ ಲೆಕ್ಕಕ್ಕೆ ಸೇರದೆ ಹೋಗುತ್ತಿತ್ತು. 1985ರಲ್ಲಿ ಹ್ಯಾರಿಯೆಟ್ ವರ್ಲಿ ಮುಂತಾದವರು 16 ಅಂಶಗಳ ಕನಿಷ್ಠ ದತ್ತಾಂಶಪಟ್ಟಿಯನ್ನು ರೂಪಿಸಿ ಈ ಕೊರತೆಯನ್ನು ನೀಗಲು ಯತ್ನಿಸಿದರು. 1992ರಲ್ಲಿ ಅಮೆರಿಕದ ದಾದಿಯರ ಸಂಘವು ಈ ವಿಷಯಕ್ಕೆ ವಿಶೇಷಶಾಖೆಯ ಮಾನ್ಯತೆಯನ್ನಿತ್ತಿತು.

ದಾದಿಯ ಬರಹವೂ ಶಾಸ್ತ್ರಕ್ಕೆ ಆಧಾರವೆಂಬ ತತ್ತ್ವವೇ ಈ ವ್ಯಾಸಂಗದ ತಳಹದಿ. ಯಂತ್ರವು ಅದಕ್ಕೆ ಸಾಧನಮಾತ್ರ.