ಪದದ ತುದಿಯಲ್ಲಿರುವ ಅರ್ಥ: ವಿಯೆಟ್ನಾಮಿ ಮಾತೃಭಾಷಿಕರ ಇಂಗ್ಲಿಷ್ ಪದಸಂಪತ್ತಿನ ಒಂದು ವಿವೇಚನೆ

1. ಪೀಠಿಕೆ

'ಬಸ್' ಎಂಬ ಪದ ಕನ್ನಡಕ್ಕೆ ಬಂದಾಗ ಕೊನೆಗೊಂದು ಉಕಾರ ಸೇರಿಸಿಕೊಂಡು 'ಬಸ್ಸು' ಆಯಿತು. ಇದೇ ಪದ ಫ್ರೆಂಚಿನ ಮೂಲಕ ವಿಯೆಟ್ನಾಮಿಗೆ ಹೋದಾಗ ಕೊನೆಯ ಸಕಾರ ಉಳಿಯಲಿಲ್ಲ. ಅಲ್ಲಿ ಅದು 'ಬ್ವಿತ್' ಆಯಿತು. ನಮ್ಮ ನಾಲಿಗೆ ವ್ಯಂಜನಾಂತ ಪದಕ್ಕೆ ಸ್ವರದ ಆಸರೆ ಕೊಟ್ಟು ಅದನ್ನು ಉಳಿಸಿಕೊಳ್ಳುತ್ತದೆ. ವಿಯೆಟ್ನಾಮಿ ನಾಲಿಗೆ ತನ್ನಲ್ಲಿಲ್ಲದ ಅಂತ್ಯವ್ಯಂಜನವನ್ನು ತನ್ನದೊಂದಕ್ಕೆ ಬದಲಿಸುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ. ರೈಲು ನಿಲ್ದಾಣ ಎಂಬರ್ಥದ ಫ್ರೆಂಚಿನ 'ಗಾರ್', ಅನಿಲ ಎಂಬರ್ಥದ 'ಗಾಜ್' ಎರಡೂ ವಿಯೆಟ್ನಾಮಿಯಲ್ಲಿ 'ಗಾ' ಎಂದೇ ನಿಂತಿವೆ. ತುದಿ ಕಳಚಿದ್ದರಿಂದ ಎರಡು ಪದಗಳು ಒಂದೇ ರೂಪಕ್ಕೆ ಬಂದವು.

ವಿಯೆಟ್ನಾಮಿ ಮಾತೃಭಾಷೆಯ ವಿದ್ಯಾರ್ಥಿ ಇಂಗ್ಲಿಷ್ ಪದಗಳನ್ನು ಕಲಿಯುವಾಗ ಎದುರಿಸುವ ತೊಡಕಿನ ತಿರುಳು ಇಲ್ಲಿಯೇ ಇದೆ. ಅವನ ಕೊರತೆಯನ್ನು ಸಾಮಾನ್ಯವಾಗಿ ನೆನಪಿನ ಶಕ್ತಿಯ ಲೆಕ್ಕದಲ್ಲಿ ಅಳೆಯುತ್ತಾರೆ: ಎಷ್ಟು ಪದ ಬಾಯಿಪಾಠವಾಗಿದೆ, ಇನ್ನೆಷ್ಟು ಬಾಕಿ ಇದೆ. ಆದರೆ ತೊಡಕು ಇರುವುದು ಪದದ ತುದಿಯಲ್ಲಿ. ಅದನ್ನು ದಾಟಲು ಬೇಕಾದ ಸೇತುವೆ ಅವನ ಸ್ವಂತ ಭಾಷೆಯಲ್ಲಿಯೇ ಇದೆ ಎಂಬುದು ಈ ಲೇಖನದ ವಾದ.

2. ಬೋಧನೆಯ ಹಿನ್ನೆಲೆ

1986ರಲ್ಲಿ ವಿಯೆಟ್ನಾಂ 'ಡೋಯ್ ಮೋಯ್' ಎಂಬ ಆರ್ಥಿಕ ಸುಧಾರಣೆಗೆ ಕೈಹಾಕಿದ ಮೇಲೆ ಅಲ್ಲಿ ಇಂಗ್ಲಿಷಿನ ಬೇಡಿಕೆ ಬೆಳೆಯಿತು. 2008ರಲ್ಲಿ ಸರ್ಕಾರ ರಾಷ್ಟ್ರೀಯ ವಿದೇಶಿ ಭಾಷಾ ಯೋಜನೆಯನ್ನು ಪ್ರಕಟಿಸಿತು. 2018ರ ಪಠ್ಯಕ್ರಮ ಮೂರನೆಯ ತರಗತಿಯಿಂದ ವಿದೇಶಿ ಭಾಷೆಯನ್ನು ಕಡ್ಡಾಯಗೊಳಿಸಿತು. ಬಹುತೇಕ ಶಾಲೆಗಳಲ್ಲಿ ಆ ಭಾಷೆ ಇಂಗ್ಲಿಷೇ. 2024ರ ಆಗಸ್ಟಿನಲ್ಲಿ ಆಳುವ ಪಕ್ಷದ ಪೊಲಿಟ್‌ಬ್ಯೂರೊ, ಶಾಲೆಗಳಲ್ಲಿ ಇಂಗ್ಲಿಷನ್ನು ಹಂತಹಂತವಾಗಿ ಎರಡನೆಯ ಭಾಷೆಯನ್ನಾಗಿಸುವ ಗುರಿ ಇಟ್ಟಿತು.

2018ರ ಪಠ್ಯಕ್ರಮದಂತೆ ಹನ್ನೆರಡನೆಯ ತರಗತಿ ಮುಗಿಸಿದ ವಿದ್ಯಾರ್ಥಿಗೆ ಸುಮಾರು 2,500 ಪದಗಳ ಪರಿಚಯ ಇರಬೇಕು. ಇತ್ತ ಪದಕಲಿಕೆಯ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಲೆಕ್ಕಹಾಕಿದಂತೆ, ಕಾದಂಬರಿ ಮತ್ತು ಪತ್ರಿಕೆಗಳನ್ನು ನೆರವಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ಎರಡರ ಅಳತೆಗೋಲು ಒಂದೇ ಅಲ್ಲವಾದರೂ ಅಂತರ ದೊಡ್ಡದು. ಪಟ್ಟಿಗಳನ್ನು ಉದ್ದಮಾಡಿ ಈ ಅಂತರವನ್ನು ತುಂಬಲಾಗದು. 'ಪದಕುಟುಂಬ' ಎಂಬ ಪರಿಕಲ್ಪನೆಯೇ ದಾರಿ ತೋರುತ್ತದೆ: 'ನೇಷನ್', 'ನ್ಯಾಷನಲ್', 'ನ್ಯಾಷನಲೈಸ್' ಒಂದೇ ಮನೆಯವು, ಆ ಮನೆ ಬೆಳೆದದ್ದು ತುದಿಯಿಂದ.

3. ಕಿವಿ ಕಾಯದ ತುದಿ

ವಿಯೆಟ್ನಾಮಿ ಆಸ್ಟ್ರೋ-ಏಷ್ಯಾಟಿಕ್ ಕುಟುಂಬದ ಭಾಷೆ. ನಮ್ಮ ದೇಶದ ಸಂತಾಲಿ, ಖಾಸಿ ಭಾಷೆಗಳಿಗೆ ದೂರದ ನಂಟು. ಹನೋಯಿಯ ಮಾತಿನಲ್ಲಿ ಆರು ತಾನಗಳಿವೆ. ಧ್ವನಿಯ ಏರಿಳಿತ ಬದಲಾದರೆ ಪದವೇ ಬದಲಾಗುತ್ತದೆ. (ಮುಂದೆ ಕೊಡುವ ವಿಯೆಟ್ನಾಮಿ ಪದಗಳಲ್ಲಿ ತಾನಗಳನ್ನು ಗುರುತಿಸಿಲ್ಲ, ಉಚ್ಚಾರಣೆ ಸ್ಥೂಲವಾದದ್ದು.) ಉಚ್ಚಾರಾಂಶದ ಕೊನೆಯಲ್ಲಿ ಬರಬಲ್ಲ ವ್ಯಂಜನಗಳು ಕೆಲವೇ: ಪ್, ತ್, ಕ್ ಮತ್ತು ಮ್, ನ್, ಙ್ ಹಾಗೂ ಅವುಗಳ ಹತ್ತಿರದ ಧ್ವನಿಗಳು. ಮೊದಲ ಮೂರನ್ನೂ ಉಸಿರು ಬಿಡದೆ ಅರ್ಧಕ್ಕೇ ತಡೆಯುತ್ತಾರೆ. ಕೊನೆಯಲ್ಲಿ ಸ್, ಜ್, ಫ್, ಲ್ ಇಲ್ಲ. ಒತ್ತಕ್ಷರವಂತೂ ಇಲ್ಲವೇ ಇಲ್ಲ. ಹಾಗಾಗಿ 'ನೈಸ್', 'ನೈಫ್', 'ನೈಟ್' ಎಂಬ ಮೂರು ಪದಗಳು ಹೊಸ ಕಲಿಕೆಗಾರನ ಬಾಯಲ್ಲಿ ಒಂದಕ್ಕೊಂದು ತೀರ ಹತ್ತಿರ ಬಂದುಬಿಡುತ್ತವೆ.

ಇದನ್ನು ಬರಿಯ ಉಚ್ಚಾರಣೆಯ ದೋಷವೆಂದು ಬದಿಗಿಡಲಾಗದು. ವಿಯೆಟ್ನಾಮಿಯಲ್ಲಿ ಪದ ರೂಪಾಂತರ ಹೊಂದುವುದಿಲ್ಲ. ಭೂತಕಾಲ ಹೇಳಬೇಕಾದರೆ ಕ್ರಿಯಾಪದಕ್ಕೆ ಮೊದಲು 'ದಾ' ಎಂಬ ಬೇರೆ ಪದ ಬರುತ್ತದೆ. ಬಹುವಚನದ ಗುರುತೂ ನಾಮಪದಕ್ಕೆ ಮೊದಲೇ ಬರುತ್ತದೆ. ವ್ಯಾಕರಣದ ಸುದ್ದಿ ಮೊದಲೇ ಮುಟ್ಟಿರುವುದರಿಂದ ಪದದ ಕೊನೆಯನ್ನು ಕಾಯುವ ಅಗತ್ಯ ಆ ಕಿವಿಗೆ ಬಿದ್ದಿಲ್ಲ. ಕನ್ನಡದ ಕಿವಿ ಇದಕ್ಕೆ ವಿರುದ್ಧವಾಗಿ ಪಳಗಿದೆ: 'ಮನೆ' ಎಂದೋ 'ಮನೆಗಳು' ಎಂದೋ, 'ಹೋದನು' ಎಂದೋ 'ಹೋದಳು' ಎಂದೋ ತಿಳಿಯಲು ನಾವು ಕೊನೆಯವರೆಗೆ ಕಾಯಲೇಬೇಕು. ಇಂಗ್ಲಿಷಿನ ಬಹುವಚನದ ಸಕಾರವೂ ಭೂತಕಾಲದ ದಕಾರವೂ ಹನೋಯಿಯ ಹುಡುಗನಿಗಿಂತ ಧಾರವಾಡದ ಹುಡುಗನಿಗೆ ಸುಲಭವಾಗಿ ಸಿಗುವುದಕ್ಕೆ ಇದೂ ಒಂದು ಕಾರಣವೆಂದು ತರ್ಕಿಸಬಹುದು.

ಪರೀಕ್ಷಾ ಪದ್ಧತಿ ಈ ತೊಡಕನ್ನು ನಿವಾರಿಸಲಿಲ್ಲ. 2024ರವರೆಗಿನ ಪ್ರೌಢಶಿಕ್ಷಣ ಪೂರ್ಣಗೊಳಿಸುವ ಪರೀಕ್ಷೆಯಲ್ಲಿ ನಾಲ್ಕು ಪದ ಕೊಟ್ಟು, ಗೆರೆ ಎಳೆದ ಭಾಗದ ಉಚ್ಚಾರಣೆ ಯಾವುದರಲ್ಲಿ ಭಿನ್ನ ಎಂದು ಕೇಳುವ ಪ್ರಶ್ನೆಗಳಿದ್ದವು. ಭೂತಕಾಲದ ಪ್ರತ್ಯಯವನ್ನು 'ತ್' ಎನ್ನಬೇಕೋ 'ದ್' ಎನ್ನಬೇಕೋ 'ಇದ್' ಎನ್ನಬೇಕೋ ಎಂಬ ನಿಯಮವನ್ನು ಬಾಯಿಪಾಠ ಮಾಡಿದವರು ಬಾಯಿ ತೆರೆಯದೆಯೇ ಅಂಕ ಪಡೆಯಬಹುದಿತ್ತು. ಧ್ವನಿಯ ಜ್ಞಾನ ಕಾಗದದ ಮೇಲೇ ಉಳಿಯಿತು.

4. ಮನೆಯಲ್ಲಿಯೇ ಇರುವ ಸೇತುವೆ

ವಿಯೆಟ್ನಾಮಿಯ ದೇಶ್ಯ ಸಮಾಸಗಳು ತಿಳಿಯಾಗಿವೆ. ಬಟ್ಟೆ ಒಗೆಯುವ ಯಂತ್ರ 'ಮಾಯ್ ಝತ್', ಅಂದರೆ 'ಯಂತ್ರ-ಒಗೆ'. ಫ್ರಿಜ್ಜು 'ತು ಲಾಞ್', 'ಕಪಾಟು-ತಂಪು'. ವಿಮಾನ 'ಮಾಯ್ ಬಯ್', 'ಯಂತ್ರ-ಹಾರು'. ಮುಖ್ಯ ಪದ ಮೊದಲು, ವಿಶೇಷಣ ಆಮೇಲೆ. ಇಂಥ ಭಾಷೆಯಿಂದ ಬಂದವನಿಗೆ 'ರೆಫ್ರಿಜರೇಟರ್' ಎಂಬುದು ಒಳಗೇನಿದೆಯೆಂದು ಕಾಣದ, ಮುಚ್ಚಿದ ಪೆಟ್ಟಿಗೆ.

ಆದರೆ ವಿಯೆಟ್ನಾಮಿಯಲ್ಲಿ ಇನ್ನೊಂದು ಪದರವಿದೆ. ಶತಮಾನಗಳ ಚೀನೀ ಸಂಪರ್ಕದಿಂದ ಬಂದ 'ಹಾನ್-ವಿಯೆತ್' ಪದಗಳು ಆಡಳಿತ, ಶಾಸ್ತ್ರ, ಪತ್ರಿಕೆಗಳ ಭಾಷೆಯನ್ನು ತುಂಬಿವೆ. ಕನ್ನಡದಲ್ಲಿ ಸಂಸ್ಕೃತ ಪದಗಳಿರುವಂತೆ. ಈ ಪದರದಲ್ಲಿ ಕ್ರಮ ತಿರುವುಮುರುವು. ವಿಮಾನಕ್ಕೆ ಇಲ್ಲಿ 'ಫಿ ಕೊ', ಅಂದರೆ 'ಹಾರುವ-ಯಂತ್ರ'. ಮುಖ್ಯ ಪದ ಕೊನೆಗೆ. ಜೀವಶಾಸ್ತ್ರ 'ಸಿಞ್ ವತ್ ಹೋಕ್', ಮನಃಶಾಸ್ತ್ರ 'ತಮ್ ಲೀ ಹೋಕ್', ಸಮಾಜಶಾಸ್ತ್ರ 'ಸಾ ಹೋಯ್ ಹೋಕ್'. ಕನ್ನಡದ 'ಶಾಸ್ತ್ರ', ಇಂಗ್ಲಿಷಿನ 'ಲಜಿ', ವಿಯೆಟ್ನಾಮಿಯ 'ಹೋಕ್' ಮೂರೂ ಪದದ ತುದಿಯಲ್ಲಿ ಕುಳಿತು ಒಂದೇ ಕೆಲಸ ಮಾಡುತ್ತವೆ. ಆಧುನೀಕರಣಕ್ಕೆ 'ಹಿಯೆನ್ ದಾಯ್ ಹ್ವಾ', ಕೈಗಾರಿಕೀಕರಣಕ್ಕೆ 'ಕೋಂಗ್ ಙಿಯೆಪ್ ಹ್ವಾ'. ಇಲ್ಲಿಯ 'ಹ್ವಾ' ನಮ್ಮ 'ಕರಣ', ಇಂಗ್ಲಿಷಿನ 'ಐಸ್'. ಲೇಖಕ 'ತಾಕ್ ಝಾ', ಓದುಗ 'ದೋಕ್ ಝಾ', ವಿದ್ವಾಂಸ 'ಹೋಕ್ ಝಾ'. ಕೊನೆಯ 'ಝಾ' ಕರ್ತೃವನ್ನು ಹೇಳುತ್ತದೆ, 'ರೀಡರ್' ಪದದ 'ಅರ್' ಹೇಳುವಂತೆ.

ಹೀಗೆ, ತುದಿಯಿಂದ ಅರ್ಥ ಹಿಡಿಯುವ ವಿದ್ಯೆ ವಿಯೆಟ್ನಾಮಿ ವಿದ್ಯಾರ್ಥಿಗೆ ಹೊಸದಲ್ಲ. ಅದು ಅವನ ಪತ್ರಿಕೆಯಲ್ಲಿದೆ, ಪಠ್ಯಪುಸ್ತಕದಲ್ಲಿದೆ. ಇಂಗ್ಲಿಷ್ ಪ್ರತ್ಯಯಗಳನ್ನು ಈ ಅಂಶಗಳ ಜೊತೆಗಿಟ್ಟು ಕಲಿಸಿದರೆ ಒಂದು ಪಾಠದಿಂದ ಹತ್ತಾರು ಪದಗಳು ತೆರೆದುಕೊಳ್ಳುತ್ತವೆ. ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಶೈಕ್ಷಣಿಕ ಪದಪಟ್ಟಿಯಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದವು. ಈ ವಿಧಾನ ಹೆಚ್ಚು ಫಲ ಕೊಡುವುದು ಅಲ್ಲಿ.

ಹೊಂದಿಕೆ ಎಲ್ಲೆಡೆಯೂ ಇಲ್ಲ. ಮನೆಯಿಲ್ಲದವನನ್ನು ಹೇಳುವ 'ವೋ ಝಾ ಕು' ಪದದಲ್ಲಿ ಇಲ್ಲವೆಂಬ ಅರ್ಥ ಮೊದಲು ಬರುತ್ತದೆ, 'ಹೋಮ್‌ಲೆಸ್'ನಲ್ಲಿ ಕೊನೆಗೆ. ಇಂಥಲ್ಲಿ ವ್ಯತ್ಯಾಸವನ್ನೇ ಎತ್ತಿ ತೋರಿಸಬೇಕು.

5. ಒಂದು ಪದ, ಹಲವು ಪದ

ಪದದ ರೂಪ ತಿಳಿದ ಮೇಲೂ ಅದರ ಹರವು ತಿಳಿಯಬೇಕು. ಇಂಗ್ಲಿಷಿನ 'ಕ್ಯಾರಿ' ಒಂದೇ. ವಿಯೆಟ್ನಾಮಿಯಲ್ಲಿ ಅಡ್ಡೆ ಹೊರುವುದು 'ಗಾಞ್', ಹೆಗಲ ಮೇಲೆ ಹೊರುವುದು 'ವಾಕ್', ಕೈಯಲ್ಲಿ ತೂಗುಹಾಕಿ ಒಯ್ಯುವುದು 'ಸಾಕ್', ಬೆನ್ನ ಮೇಲೆ ಕೂಸುಮರಿ ಮಾಡುವುದು 'ಕೋಂಗ್'. ಎರಡು ಕಾಲಮ್ಮಿನ ಪದಪಟ್ಟಿ ಇದನ್ನು ಹೇಳಲಾರದು. ವಿಯೆಟ್ನಾಮಿಯಲ್ಲಿ ಔಷಧವನ್ನು 'ಕುಡಿಯುತ್ತಾರೆ', ಗುಳಿಗೆಯಾದರೂ ಸರಿ. ಇಂಗ್ಲಿಷಿನಲ್ಲಿ ಅದನ್ನು 'ಟೇಕ್' ಮಾಡಬೇಕು. ಆದ್ದರಿಂದ ಕಲಿಯುವ ಘಟಕ ಒಂಟಿ ಪದವಾಗಿರದೆ, ಪದವೂ ಅದರ ಒಡನಾಡಿಯೂ ಸೇರಿದ ಜೋಡಿಯಾಗಿರಬೇಕು.

6. ಉಪಸಂಹಾರ

ಈ ವಿಶ್ಲೇಷಣೆಯಿಂದ ಮೂರು ಸೂಚನೆಗಳು ಹೊಮ್ಮುತ್ತವೆ. ಹೊಸ ಪದವನ್ನು ಮೊದಲು ಕಿವಿಗೆ ಕೊಡಬೇಕು, ಅದರಲ್ಲೂ ತುದಿಯನ್ನು ಒತ್ತಿ ಕೇಳಿಸಬೇಕು. ಪ್ರತ್ಯಯಗಳನ್ನು ಹಾನ್-ವಿಯೆತ್ ಅಂಶಗಳೊಂದಿಗೆ ಹೊಂದಿಸಿ ಕಲಿಸಬೇಕು. ಪದವನ್ನು ಅದರ ಒಡನಾಡಿಗಳ ಸಮೇತ, ದಿನಗಳ ಅಂತರ ಬಿಟ್ಟು ಮರಳಿ ಮರಳಿ ಬಳಸಿಸಬೇಕು.

ಮಾತೃಭಾಷೆಯನ್ನು ಹೊಸ್ತಿಲ ಹೊರಗೆ ಬಿಟ್ಟು ಇಂಗ್ಲಿಷ್ ಕಲಿಸಬೇಕೆಂಬ ನಂಬಿಕೆ ಹನೋಯಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ವಿಯೆಟ್ನಾಮಿಯ ನಿದರ್ಶನ ಅದನ್ನು ಒಪ್ಪುವುದಿಲ್ಲ. ತೊಡಕು ಯಾವುದೆಂದು ತಿಳಿಸುವುದೂ ಮಾತೃಭಾಷೆಯೇ, ಅದನ್ನು ದಾಟಿಸುವುದೂ ಮಾತೃಭಾಷೆಯೇ. ತನ್ನ ನುಡಿಯ ಪದ ಹೇಗೆ ಕಟ್ಟಲ್ಪಟ್ಟಿದೆ ಎಂದು ಬಲ್ಲ ವಿದ್ಯಾರ್ಥಿ ಪರನುಡಿಯ ಪದವನ್ನೂ ಬಿಚ್ಚಿ ನೋಡಬಲ್ಲ. ಆ ಅರಿವನ್ನು ಕೊಡುವುದು ಇಂಗ್ಲಿಷ್ ಅಧ್ಯಾಪಕರ ಕರ್ತವ್ಯವೂ ಹೌದು.