ನೀರುಗುರುತಿನ ಸಾಕ್ಷ್ಯ

ಕಚೇರಿಯ ದಾಖಲೆಗಳ ಮೇಲೆ ಓರೆಯಾಗಿ, ಮಸುಕಾಗಿ ‘ಕರಡು’ ಎಂದೋ ‘ನಕಲು’ ಎಂದೋ ಮೂಡಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಾವಿರ ಪುಟಗಳಿದ್ದರೂ ಹತ್ತು ಹದಿನೈದು ಸಾಲಿನ ಕೋಡ್ ಬರೆದು ಅದನ್ನು ಕ್ಷಣಮಾತ್ರದಲ್ಲಿ ಮೂಡಿಸಬಲ್ಲವರು ನನ್ನ ಶಿಷ್ಯರಲ್ಲಿ ಹಲವರಿದ್ದಾರೆ. ಅವರು ಇದನ್ನು ‘ವಾಟರ್‌ಮಾರ್ಕ್’ ಎನ್ನುತ್ತಾರೆ. ಈ ಹೆಸರನ್ನು ಎರವಲು ಕೊಟ್ಟ ವಸ್ತುವಿಗೆ ಏಳು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಅದನ್ನು ತಿಳಿದರೆ ಇಂದಿನ ಗುರುತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೂ ತಿಳಿಯುತ್ತದೆ.

ನೀರುಗುರುತಿನ ತವರು ಇಟಲಿ. ಇದುವರೆಗೆ ತಿಳಿದಿರುವ ಅತ್ಯಂತ ಹಳೆಯ ಗುರುತು 1282ರದು. ಫ್ಯಾಬ್ರಿಯಾನೊ ಎಂಬ ಪಟ್ಟಣದ ಕಾಗದ ತಯಾರಕರು ಈ ಕಲೆಗೆ ಹೆಸರಾದವರು. ಚಿಂದಿ ಬಟ್ಟೆಯನ್ನು ಕೊಳೆಯಿಸಿ, ಕುಟ್ಟಿ, ತೊಟ್ಟಿಯ ನೀರಿನಲ್ಲಿ ಕದಡಿ, ಲೋಹದ ತಂತಿಯ ಜಾಲರಿಯುಳ್ಳ ಚೌಕಟ್ಟನ್ನು ಅದರಲ್ಲಿ ಅದ್ದಿ ಎತ್ತುತ್ತಿದ್ದರು. ನೀರು ಸೋರಿಹೋಗಿ ನಾರಿನ ಪದರವೊಂದು ಜಾಲರಿಯ ಮೇಲೆ ನಿಲ್ಲುತ್ತಿತ್ತು. ಆ ಜಾಲರಿಯ ಮೇಲೆ ಇನ್ನೊಂದು ತಂತಿಯನ್ನು ಶಿಲುಬೆಯಾಗಿಯೋ ಎತ್ತಿನ ತಲೆಯಾಗಿಯೋ ಬಾಗಿಸಿ ಹೊಲಿದಿಟ್ಟರೆ, ಅಷ್ಟು ಜಾಗದಲ್ಲಿ ನಾರು ತೆಳುವಾಗುತ್ತದೆ. ಒಣಗಿದ ಹಾಳೆಯನ್ನು ಬೆಳಕಿಗೆ ಹಿಡಿದಾಗ ಆ ಆಕೃತಿ ಬೆಳ್ಳಗೆ ಕಾಣುತ್ತದೆ. ಇಟಾಲಿಯನ್ನರು ಇದನ್ನು ‘ಫಿಲಿಗ್ರಾನಾ’, ಅಂದರೆ ತಂತಿಗೆಲಸ, ಎಂದು ಕರೆದರು. ನನಗೆ ಆ ಹೆಸರೇ ಹೆಚ್ಚು ಸರಿಯೆನಿಸುತ್ತದೆ.

ನೀವು ಪರೀಕ್ಷೆಗಳಲ್ಲಿ ಬರೆದ ‘ಫುಲ್‌ಸ್ಕೇಪ್’ ಹಾಳೆಯ ಹೆಸರೂ ಒಂದು ನೀರುಗುರುತಿನಿಂದಲೇ ಬಂದದ್ದು. ಆ ಅಳತೆಯ ಕಾಗದಕ್ಕೆ ವಿದೂಷಕನ ಟೊಪ್ಪಿಗೆ ಗುರುತಾಗಿತ್ತು. ಮೂರು ಗಂಟೆಗಳ ಕಾಲ ಅದರ ಮೇಲೆ ಬೆವರು ಸುರಿಸಿದವರಿಗೆ ಆಗ ಇದು ತಿಳಿಯದಿದ್ದುದೇ ಲೇಸು!

ಗುರುತು ಕಾಗದದ ಮೈಯಲ್ಲೇ ಇರುವುದರಿಂದ ಅದನ್ನು ಅಳಿಸಲಾಗದು; ಆಮೇಲೆ ಸೇರಿಸುವುದೂ ಸುಲಭವಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ 1697ರಲ್ಲಿಯೇ ತನ್ನ ನೋಟುಗಳಿಗೆ ನೀರುಗುರುತಿನ ಕಾಗದವನ್ನು ತಂದಿತು. ಅದನ್ನು ಅನುಕರಿಸುವುದಕ್ಕೆ 1773ರಲ್ಲಿ ಮರಣದಂಡನೆಯನ್ನೇ ವಿಧಿಸಲಾಯಿತು. ನಮ್ಮ ಮೈಸೂರಿನಲ್ಲಿಯೂ ಈಗ ನೋಟಿನ ಕಾಗದವನ್ನು ತಯಾರಿಸುವ ಕಾರ್ಖಾನೆಯಿದೆ.

ಆದರೆ ನೀರುಗುರುತಿನ ನಿಜವಾದ ಮಹಿಮೆ ನನಗೆ ಕಾಣುವುದು ನೋಟಿನಲ್ಲಲ್ಲ, ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಪ್ರಕರಣದಲ್ಲಿ. ಈ ನಾಟಕದ ಎರಡು ಮುದ್ರಣಗಳ ಮೇಲೆ 1600 ಎಂಬ ಇಸವಿಯಿತ್ತು. ಯಾವುದು ಮೊದಲನೆಯದು? ಹತ್ತೊಂಬತ್ತನೆಯ ಶತಮಾನದ ಕೇಂಬ್ರಿಜ್ ಸಂಪಾದಕರು ಒಂದನ್ನು ಮೊದಲನೆಯದೆಂದು ಗಣಿಸಿದರು. 1908ರಲ್ಲಿ ಡಬ್ಲ್ಯೂ. ಡಬ್ಲ್ಯೂ. ಗ್ರೆಗ್ ಎಂಬ ವಿದ್ವಾಂಸರು ಹಾಳೆಗಳ ನೀರುಗುರುತುಗಳನ್ನು ಪರಿಶೀಲಿಸಿದರು. 1600, 1608, 1619 ಎಂದು ಬೇರೆ ಬೇರೆ ಇಸವಿಗಳುಳ್ಳ ನಾಟಕಗಳ ಗುಂಪೊಂದರಲ್ಲಿ ಒಂದೇ ಬಗೆಯ ಬೆರಕೆ ಕಾಗದ ಕಂಡುಬಂದಿತು. ತಂತಿಯ ಗುರುತುಗಳು ಬಳಸಿದಂತೆ ಸವೆದು ಬದಲಾಗುತ್ತಿದ್ದವು. ಮುದ್ರಕರು ಕಾಗದವನ್ನು ಕೊಂಡು ಬೇಗನೆ ಮುಗಿಸುತ್ತಿದ್ದರು. ಅದೇ ಬೆರಕೆ ಹತ್ತೊಂಬತ್ತು ವರ್ಷಗಳ ಕಾಲ ಉಳಿದು ಬಂದಿರುವುದು ಸಾಧ್ಯವೇ? ಎಲ್ಲವೂ 1619ರಲ್ಲಿ, ಷೇಕ್ಸ್‌ಪಿಯರ್ ತೀರಿಕೊಂಡು ಮೂರು ವರ್ಷಗಳಾದ ಮೇಲೆ, ವಿಲಿಯಂ ಜಗ್ಗರ್ಡನ ಮುದ್ರಣಾಲಯದಲ್ಲಿ ಅಚ್ಚಾದವು; ಹಲವಕ್ಕೆ ಸುಳ್ಳು ಇಸವಿಯನ್ನು ಹಾಕಲಾಗಿತ್ತು. ಕೇಂಬ್ರಿಜ್ ಸಂಪಾದಕರು ಮೊದಲನೆಯದೆಂದು ನಂಬಿದ ‘ಮರ್ಚೆಂಟ್’ ಮುದ್ರಣವೂ ಇವುಗಳಲ್ಲೊಂದು! ನಾಟಕ ಮಂಡಳಿಯ ಒಪ್ಪಿಗೆಯಿಲ್ಲದೆ ಅದರ ನಾಟಕಗಳನ್ನು ಅಚ್ಚುಮಾಡಕೂಡದೆಂಬ ಆಜ್ಞೆ ಆ ವರ್ಷವೇ ಹೊರಟಿತ್ತು. ಅದರಿಂದ ನುಣುಚಿಕೊಳ್ಳಲೆಂದೇ ಹೀಗೆ ಮಾಡಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಮುಖಪುಟ ಸುಳ್ಳು ಹೇಳಿತು, ಕಾಗದ ಹೇಳಲಿಲ್ಲ.

ಈಗ ಕೋಡಿನ ವಿಷಯಕ್ಕೆ ಬರೋಣ. 1993ರಲ್ಲಿ ಬಂದ ಪಿಡಿಎಫ್ ಕಡತದಲ್ಲಿ ಒಂದು ಪುಟವೆಂದರೆ ‘ಇಲ್ಲಿ ಈ ಅಕ್ಷರವನ್ನು ಬರೆ, ಅಲ್ಲಿ ಗೆರೆಯನ್ನು ಎಳೆ’ ಎಂಬ ಆದೇಶಗಳ ಸರಣಿ. ಕಂಪ್ಯೂಟರು ಅವನ್ನು ಕ್ರಮವಾಗಿ ಪಾಲಿಸುತ್ತದೆ. ವಾಟರ್‌ಮಾರ್ಕ್ ಹಾಕುವ ಪ್ರೋಗ್ರಾಮು ಪ್ರತಿ ಪುಟದ ಸರಣಿಗೂ ಕೆಲವು ಆದೇಶಗಳನ್ನು ಸೇರಿಸುತ್ತದೆ: ಮಧ್ಯಕ್ಕೆ ಹೋಗು, ನಲವತ್ತೈದು ಡಿಗ್ರಿ ಓರೆಯಾಗು, ಬಣ್ಣವನ್ನು ಮಸುಕಾಗಿಸು, ‘ನಕಲು’ ಎಂದು ಬರೆ. ಮೊದಲು ಸೇರಿಸಿದರೆ ಅದು ಅಕ್ಷರಗಳ ಅಡಿಯಲ್ಲಿ, ಕೊನೆಗೆ ಸೇರಿಸಿದರೆ ಮೇಲೆ. ಕೆಳಗಿನ ಅಕ್ಷರ ಕಾಣುವಂತೆ ಪಾರದರ್ಶಕವಾಗಿ ಬರೆಯುವ ಸೌಲಭ್ಯ 2001ರ ಆವೃತ್ತಿಯಲ್ಲಿ ಬಂದಿತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಂತೂ ಅದು ಪುಟದ ಹೆಡರಿಗೆ ಕಟ್ಟಿದ ಒಂದು ಚಿತ್ರ, ಅಷ್ಟೆ.

ಸೇರಿಸಿದ ಆದೇಶವನ್ನು ತೆಗೆಯಲೂಬಹುದಲ್ಲವೆ? ಹೌದು, ಅದಕ್ಕೂ ಹತ್ತು ಸಾಲಿನ ಕೋಡು ಸಾಕು. ಎಷ್ಟೋ ಪ್ರೋಗ್ರಾಮುಗಳು ‘ಇದು ವಾಟರ್‌ಮಾರ್ಕ್’ ಎಂದು ಕಡತದಲ್ಲಿ ಹೆಸರನ್ನೂ ಬರೆದಿಡುವುದರಿಂದ ತೆಗೆಯುವವನಿಗೆ ಹುಡುಕುವ ಶ್ರಮವೂ ಇಲ್ಲ. ಆದುದರಿಂದ ಈ ಗುರುತನ್ನು ಎಚ್ಚರಿಕೆಯ ಫಲಕವೆನ್ನಬಹುದೇ ಹೊರತು ಸಾಕ್ಷಿಯೆನ್ನಲಾಗದು. ಪ್ರಮಾಣಪತ್ರಗಳನ್ನು ಪರಿಶೀಲಿಸುವ ಹುದ್ದೆಯಲ್ಲಿರುವ ಶಿಷ್ಯರು, ಮಸುಕಾದ ಮುದ್ರೆಯೊಂದನ್ನು ಕಂಡಮಾತ್ರಕ್ಕೆ ಪತ್ರವನ್ನು ನಂಬಬಾರದು. ಕಡತ ತಿದ್ದಲ್ಪಟ್ಟಿದೆಯೇ ಎಂಬುದನ್ನು ಹೇಳಬಲ್ಲದ್ದು ಡಿಜಿಟಲ್ ಸಹಿ. ಅದು ಬೇರೆಯೇ ವಿದ್ಯೆ.

ಫ್ಯಾಬ್ರಿಯಾನೊದ ತಂತಿಗೆಲಸಕ್ಕೆ ಹತ್ತಿರವಾದ ಪ್ರಯತ್ನ ಕೋಡಿನ ಲೋಕದಲ್ಲಿಯೂ ನಡೆದಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಸಂಶೋಧಕರು 1990ರ ದಶಕದ ನಡುವಿನಲ್ಲಿ, ಪುಟದ ಕೆಲವು ಸಾಲುಗಳನ್ನು ಇಂಚಿನ ಮುನ್ನೂರನೆಯ ಒಂದು ಭಾಗದಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿ, ಪ್ರತಿಯೊಬ್ಬನಿಗೆ ಕೊಟ್ಟ ಪ್ರತಿಯಲ್ಲಿಯೂ ಬೇರೆ ಗುರುತನ್ನು ಅಡಗಿಸಿದರು. ಓದುವವನ ಕಣ್ಣಿಗೆ ಅದು ಕಾಣದು. ಪ್ರತಿಯನ್ನು ಜೆರಾಕ್ಸ್ ಮಾಡಿ ಹಂಚಿದರೂ, ಸಾಲುಗಳ ಅಂತರವನ್ನು ಅಳೆದು ಮೂಲ ಪ್ರತಿ ಯಾರ ಕೈಯಿಂದ ಹೊರಟಿತೆಂದು ಹೇಳಬಹುದಾಗಿತ್ತು.