ಮುಖವಿಲ್ಲದ ರಾಯಭಾರಿ: ವಿಠಲ ಶೆಣೈಯ ಅಮೂರ್ತ ಭಾವಚಿತ್ರದ ಸಾಧ್ಯತೆ

1623ರ ಅಕ್ಟೋಬರ್‌ನಲ್ಲಿ ಗೋವೆಯಿಂದ ಹೊನ್ನಾವರದತ್ತ ಹೊರಟ ತಂಡದಲ್ಲಿ ಇಬ್ಬರು ರಾಯಭಾರಿಗಳಿದ್ದರು. ಒಬ್ಬ ಪೋರ್ಚುಗೀಸರ ಕಡೆಯವನು. ಇನ್ನೊಬ್ಬ ಇಕ್ಕೇರಿಯ ವೆಂಕಟಪ್ಪ ನಾಯಕನ ಪ್ರತಿನಿಧಿ ವಿಠಲ ಶೆಣೈ. ಜತೆಗಿದ್ದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳಿಂದ ಈ ಪಯಣದ ವಿವರ ದೊರೆಯುತ್ತದೆ: ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಮಾತುಕತೆಯ ಹಿಂದೆ ಇದ್ದದ್ದು ಕಾಳುಮೆಣಸಿನ ವ್ಯಾಪಾರ ಮತ್ತು ನಾಯಕನು ಕಿತ್ತುಕೊಂಡಿದ್ದ ಬಂಗ ಅರಸನ ನಾಡು. ಹಿಂದಿನ ವರ್ಷವಷ್ಟೇ ಹೊರ್ಮುಜ್ ಕಳೆದುಕೊಂಡಿದ್ದ ಪೋರ್ಚುಗೀಸರಿಗೆ ಬಿಗುವಾಗಿ ಮಾತಾಡುವ ಸ್ಥಿತಿ ಇರಲಿಲ್ಲ. ಶೆಣೈಯ ಹಿಂದೆ ಬೆಳೆಯುತ್ತಿದ್ದ ರಾಜ್ಯವಿತ್ತು. ಇಂಥವನನ್ನು ಇಂದು ಚಿತ್ರದಲ್ಲಿ ಗೌರವಿಸುವುದಾದರೆ, ಮುಖ ಬರೆಯದ ಅಮೂರ್ತ ಭಾವಚಿತ್ರವೇ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ವಾದ.

ರಾಯಭಾರಿಯ ಕೆಲಸವೇ ತನ್ನನ್ನು ಹಿಂದಿಟ್ಟು ಇನ್ನೊಬ್ಬರ ಇಚ್ಛೆಯನ್ನು ಮುಂದಿಡುವುದು. ಹಾಲ್ಬೈನ್ 1533ರಲ್ಲಿ ಬರೆದ ಇಬ್ಬರು ಫ್ರೆಂಚ್ ರಾಯಭಾರಿಗಳ ಪ್ರಸಿದ್ಧ ಚಿತ್ರದಲ್ಲೂ ಗೋಳ, ಗಣಿತ ಸಲಕರಣೆ, ತಂತಿ ಕಡಿದ ವಾದ್ಯ ಇವೇ ನಡುವಿನ ಜಾಗ ಹಿಡಿದಿವೆ. ಮನುಷ್ಯರು ಎರಡು ಅಂಚುಗಳಲ್ಲಿ ನಿಂತಿದ್ದಾರೆ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಈ ಪ್ರವೃತ್ತಿ ಇನ್ನೂ ಹಳೆಯದು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಮಡಿದವನು ಯಾರೆಂದು ಹೇಳುವುದು ಶಾಸನದ ಸಾಲು, ಮೂಗು ಕಣ್ಣುಗಳಲ್ಲ. ಅವು ಅಮೂರ್ತ ಕಲೆಯಲ್ಲ, ಅಲ್ಲಿ ಮನುಷ್ಯಾಕೃತಿ ಇದ್ದೇ ಇದೆ ಎಂಬ ಆಕ್ಷೇಪ ಸರಿಯೇ. ನಾನು ಅಲ್ಲಿಂದ ತೆಗೆದುಕೊಳ್ಳುವುದು ಶೈಲಿಯನ್ನಲ್ಲ. ಸಾದೃಶ್ಯವಿಲ್ಲದೆಯೂ ವ್ಯಕ್ತಿಗೌರವ ಪೂರ್ಣವಾಗಬಲ್ಲದು ಎಂಬ ನಂಬಿಕೆಯನ್ನು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ: ಮುಖವಿಲ್ಲದ ಚಿತ್ರ ಯಾರದ್ದಾದರೂ ಆಗಬಹುದಲ್ಲ? ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ 1964ರಲ್ಲಿ ಅದರ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹಾಮರ್‌ಶೋಲ್ಡ್ ಸ್ಮರಣೆಗೆ ನಿಂತ ಬಾರ್ಬರಾ ಹೆಪ್‌ವರ್ತ್‌ರ ಕಂಚಿನ ಅಮೂರ್ತ ಶಿಲ್ಪ ಈ ಆಕ್ಷೇಪಕ್ಕೆ ಬಲ ಕೊಡುವಂತಿದೆ. ಅದರ ಹೆಸರನ್ನೂ ಹೋಲುವ ರೂಪವನ್ನೂ ಕಲಾವಿದೆ ಮೊದಲೇ ಬಳಸಿದ್ದರು. ಅಂದರೆ ರೂಪವೊಂದೇ ವ್ಯಕ್ತಿಯನ್ನು ಗುರುತಿಸದು. ಸ್ಥಳ, ಅರ್ಪಣೆ, ಶೀರ್ಷಿಕೆ ಜತೆಗೂಡಬೇಕು. ಇದನ್ನು ಒಪ್ಪುತ್ತೇನೆ. ಆದರೆ ಶೆಣೈಯ ವಿಷಯದಲ್ಲಿ ಮೂರ್ತಚಿತ್ರದ ಪಾಡೇನೂ ಮೇಲಲ್ಲ. ನಮಗೆ ತಿಳಿದಂತೆ ಅವನ ಸಮಕಾಲೀನ ಚಿತ್ರ ಉಳಿದಿಲ್ಲ. ಪೇಟ, ಮೀಸೆ, ಶಾಲು ಹಾಕಿ ಬರೆದದ್ದು ಹದಿನೇಳನೆಯ ಶತಮಾನದ ಯಾವ ಆಸ್ಥಾನಿಕನಿಗೂ ಸಲ್ಲುತ್ತದೆ. ಮೇಲಾಗಿ ಅದು ಊಹೆಯನ್ನು ದಾಖಲೆಯೆಂದು ನಟಿಸುತ್ತದೆ. (ಶಾಲಾ ಪುಸ್ತಕಗಳ ಅರಸರೆಲ್ಲ ಒಂದೇ ಮನೆಯವರಂತೆ ಕಾಣುವುದು ಇದರಿಂದಲೇ.)

ಹಾಗೆಂದು ಅಮೂರ್ತ ಕಲಾವಿದನಿಗೆ ಪೂರ್ತಿ ಸ್ವೇಚ್ಛೆ ಇದೆಯೆಂದಲ್ಲ. ನದಿಯಿಂದ ಘಟ್ಟಕ್ಕೆ ಏರುವ ರೇಖೆ, ಮೆಣಸಿನ ಕಪ್ಪು, ಕುಮಟಾ ಬಳಿಯ ಮಿರ್ಜಾನ್ ಕೋಟೆಯಿಂದ ಭಟ್ಕಳದವರೆಗೂ ಕಾಣುವ ಜಂಬಿಟ್ಟಿಗೆಯ ಕೆಂಪು: ಇವಕ್ಕೆ ಆಧಾರವಿದೆ. ಅವನ ಮನಸ್ಸಿನ ತಳಮಳವನ್ನು ಬಣ್ಣದಲ್ಲಿ ತೋರಿಸುತ್ತೇನೆಂದರೆ ಆಧಾರವಿಲ್ಲ. ಇನ್ನೊಂದು ಮಿತಿ ಆಕರದ್ದೇ. ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಬಳಗದಲ್ಲಿ ನಡೆದವನು. ಇಕ್ಕೇರಿಯವನನ್ನು ಅವನು ಕಂಡದ್ದು ಆ ಕಡೆಯಿಂದ. ಆದ್ದರಿಂದ ಚಿತ್ರಫಲಕದ ಒಂದು ಭಾಗವನ್ನು ಬಣ್ಣ ತುಂಬದೆ ಬಿಡುವುದು ಇಲ್ಲಿ ಕೈಚಳಕವಾಗದು, ಸಾಕ್ಷ್ಯ ಎಲ್ಲಿಗೆ ನಿಂತಿದೆಯೋ ಅದರ ಗುರುತಾಗುತ್ತದೆ.